ಹಕ್ಕಿಯ ಪಂಚಾಂಗ

ನಾನು ಹಕ್ಕಿಗಳ ವಿಷಯದಲ್ಲಿ ಪಂಡಿತನಲ್ಲ. ಬದುಕಿನ ಬಹುಭಾಗವನ್ನು ಕನ್ನಡ ಕಾವ್ಯಗಳನ್ನು ಓದುವುದರಲ್ಲಿಯೂ ಓದಿಸುವುದರಲ್ಲಿಯೂ ಕಳೆದವನು. ಆದರೂ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡುವ ಅಭ್ಯಾಸದಿಂದಾಗಿ ಕೆಲವು ಹಕ್ಕಿಗಳ ಮುಖಪರಿಚಯ ನನಗೆ ಆಗಿದೆ. ಮಳೆಗಾಲ ಹಿಂದೆಗೆಯುವ ಸೆಪ್ಟೆಂಬರ್ ತಿಂಗಳಲ್ಲಿ ಒಂದು ದಿನ ನೀರಂಚಿನ ಕಲ್ಲುಗಳ ಮೇಲೆ, ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ, ಬೂದು ಸಿಪಿಲೆ ಕಾಣಿಸಿಕೊಳ್ಳುತ್ತದೆ. ಅದಾದ ಕೆಲವು ದಿನಗಳಿಗೆ ನಮ್ಮ ಹಿತ್ತಲಿನ ಹೊಂಗೆಯ ಮರದಲ್ಲಿ ಹಸಿರು ಉಲಿಯಕ್ಕಿಯ ಸಣ್ಣ ದನಿ ಕೇಳುತ್ತದೆ. ಹತ್ತು ಗ್ರಾಂ ಕೂಡ ತೂಗದ ಈ ಹಕ್ಕಿ ದೂರದ ಉತ್ತರದ ಕಾಡುಗಳಿಂದ ಬಂದದ್ದು. ಚಳಿಗಾಲವೆಲ್ಲ ಎಲೆಯಿಂದ ಎಲೆಗೆ ಹಾರಿ ಹುಳು ಆಯುತ್ತ ಇಲ್ಲಿಯೇ ಇರುತ್ತದೆ. ಇವುಗಳನ್ನು ಮೊದಲ ಸಲ ಕಂಡ ದಿನವನ್ನೂ ಕೇಳಿದ ದಿನವನ್ನೂ ಇಪ್ಪತ್ತು ವರ್ಷಗಳಿಂದ ಒಂದು ದಿನಚರಿಯಲ್ಲಿ ಬರೆದಿಡುತ್ತ ಬಂದಿದ್ದೇನೆ.

ಹೋದ ವರ್ಷ, ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದು ನನ್ನಂತೆಯೇ ನಿವೃತ್ತರಾಗಿರುವ ಮಿತ್ರರೊಬ್ಬರು ಮನೆಗೆ ಬಂದಿದ್ದಾಗ ಆ ದಿನಚರಿಯನ್ನು ಅವರ ಕೈಗೆ ಕೊಟ್ಟೆ. ಮೆಚ್ಚುತ್ತಾರೆಂಬ ಆಸೆ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅವರು ಹಾಳೆಗಳನ್ನು ನಿಧಾನವಾಗಿ ತಿರುವಿ, ಕನ್ನಡಕ ತೆಗೆದಿಟ್ಟು, “ಎಲ್ಲ ಸರಿ ಮೇಷ್ಟ್ರೇ, ಬಂದ ದಿನ ಬರೆದಿದ್ದೀರಿ. ಹೋದ ದಿನ ಎಲ್ಲಿ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಸಿಪಿಲೆಯೂ ಉಲಿಯಕ್ಕಿಯೂ ಏಪ್ರಿಲ್ ತಿಂಗಳ ಯಾವುದೋ ಒಂದು ದಿನ ಹೊರಟುಹೋಗುತ್ತವೆ. ಯಾವ ದಿನ ಎಂಬುದನ್ನು ಇಪ್ಪತ್ತು ವರ್ಷಗಳಲ್ಲಿ ಒಂದು ಸಲವೂ ನಾನು ಗಮನಿಸಿರಲಿಲ್ಲ. ಹೋದ ದಿನವೇ ತಿಳಿಯದವನಿಗೆ, ಆ ದಿನವೇ ಏಕೆ ಹೋಯಿತು ಎಂಬ ಪ್ರಶ್ನೆಯಂತೂ ಹೊಳೆಯುವುದೇ ಇಲ್ಲ. ಈ ಪ್ರಶ್ನೆಯನ್ನು ಮನುಷ್ಯ ಹೇಗೆ ಕೇಳಿಕೊಂಡು ಬಂದ, ಹೇಗೆ ಉತ್ತರ ಕಂಡುಕೊಂಡ ಎಂಬ ಚರಿತ್ರೆಯನ್ನೇ ಇಂದು ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ಹಿರಿಯರಿಗೆ ಪ್ರಯಾಣವೆಂದರೆ ಸಣ್ಣ ಮಾತಾಗಿರಲಿಲ್ಲ. ಹೊರಡುವ ಮುನ್ನ ಪಂಚಾಂಗ ತೆಗೆದು ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳನ್ನೂ ನೋಡುತ್ತಿದ್ದರು. ಬುತ್ತಿ ಕಟ್ಟುತ್ತಿದ್ದರು. ಹೊತ್ತು ಮುಳುಗುವ ವೇಳೆಗೆ ಸೇರಬೇಕಾದ ಛತ್ರ ಯಾವುದೆಂದು ಲೆಕ್ಕ ಹಾಕುತ್ತಿದ್ದರು. ದಾರಿಹೋಕರಿಗಾಗಿ ಸತ್ರವನ್ನೂ ಅರವಟ್ಟಿಗೆಯನ್ನೂ ಇಡಿಸಿ ದತ್ತಿ ಬಿಟ್ಟ ಸಂಗತಿಯನ್ನು ನಮ್ಮ ಶಾಸನಗಳು ಎಷ್ಟೋ ಕಡೆ ಹೇಳುತ್ತವೆ. ಹೊರಡುವವನು “ಹೋಗುತ್ತೇನೆ” ಎಂದು ಹೇಳಬಾರದು, “ಹೋಗಿ ಬರುತ್ತೇನೆ” ಎನ್ನಬೇಕು. ಇದು ಇಂದಿಗೂ ನಮ್ಮ ಮನೆಗಳಲ್ಲಿ ಉಳಿದಿರುವ ಮರ್ಯಾದೆ.

ಇಷ್ಟು ಎಚ್ಚರದಿಂದ ಪಯಣಿಸುತ್ತಿದ್ದ ಜನ ಪಯಣಿಸುವ ಹಕ್ಕಿಗಳನ್ನೂ ಕಂಡಿದ್ದರು. 6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಖಂಜನ ಪಕ್ಷಿಗೆ, ಎಂದರೆ ಸಿಪಿಲೆಗೆ, ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅದನ್ನು ಮೊದಲ ಸಲ ಕಂಡಾಗ ಏನು ಫಲ, ಎಲ್ಲಿ ಕಂಡರೆ ಶುಭ, ಎಲ್ಲಿ ಕಂಡರೆ ಅಶುಭ ಎಂಬುದು ಅಲ್ಲಿನ ವಿಚಾರ. ನನ್ನ ದಿನಚರಿಯ ಮೂಲಪುರುಷ ಅವನೇ ಎನ್ನಬೇಕು. ಅವನ ಕಣ್ಣೂ ಬರವಿನ ಮೇಲೆಯೇ ಇತ್ತು. ಹೊರಡುವ ಹೊತ್ತನ್ನು ಕುರಿತು ಯೋಚಿಸಿದವನು ಕಾಳಿದಾಸ. ‘ಮೇಘದೂತ’ದಲ್ಲಿ ಮೋಡದ ಗುಡುಗನ್ನು ಕೇಳಿದ ರಾಜಹಂಸಗಳಿಗೆ ಮಾನಸ ಸರೋವರದ ಹಂಬಲ ಹುಟ್ಟುತ್ತದೆ. ಅವು ತಾವರೆಯ ಎಳೆಯ ದಂಟನ್ನು ದಾರಿಯ ಬುತ್ತಿಯಾಗಿ ಹಿಡಿದು ಕೈಲಾಸದವರೆಗೆ ಮೇಘಕ್ಕೆ ಜೊತೆಯಾಗುತ್ತವೆ. ಆಕಾಶದ ಸೂಚನೆ ಒಂದು, ಬುತ್ತಿ ಇನ್ನೊಂದು: ಹಕ್ಕಿಯ ಪ್ರಯಾಣಕ್ಕೆ ಕವಿ ಈ ಎರಡನ್ನೂ ಒಟ್ಟಿಗೆ ಹೇಳಿದ್ದಾನೆ. ಇದನ್ನು ತರಗತಿಯಲ್ಲಿ ವಿವರಿಸುವಾಗ ನಾನು ಬರಿಯ ಕವಿಸಮಯವೆಂದು ಹೇಳಿ ಮುಂದೆ ಹೋಗುತ್ತಿದ್ದೆ. ವಿಜ್ಞಾನ ಸಾವಿರಾರು ಹಕ್ಕಿಗಳನ್ನು ಹಿಡಿದು, ತೂಗಿ, ಬಿಟ್ಟು, ಕೊನೆಗೆ ಬಂದು ನಿಂತದ್ದೂ ಈ ಎರಡು ಮಾತುಗಳ ಹತ್ತಿರವೇ ಎಂಬುದು ನನಗೆ ತಿಳಿದದ್ದು ಈಚೆಗೆ.

ಯೂರೋಪಿನಲ್ಲಿ ಬಹುಕಾಲದವರೆಗೆ ಹಕ್ಕಿ ಹೊರಡುತ್ತದೆಂಬ ವಿಷಯದಲ್ಲಿಯೇ ಒಮ್ಮತವಿರಲಿಲ್ಲ. ಅರಿಸ್ಟಾಟಲನು ಕೆಲವು ಹಕ್ಕಿಗಳು ದೂರ ಹೋಗುವುದನ್ನು ಬಲ್ಲವನಾಗಿದ್ದರೂ ಕವಲುತೋಕೆಗಳಲ್ಲಿ ಕೆಲವು ಪೊಟರೆಗಳಲ್ಲಿ ಅಡಗಿ ಚಳಿಗಾಲ ಕಳೆಯುತ್ತವೆಂದು ನಂಬಿದ್ದ. 1822ರಲ್ಲಿ ಜರ್ಮನಿಯಲ್ಲಿ ಒಂದು ಕೊಕ್ಕರೆ ಸಿಕ್ಕಿತು. ಅದರ ಕುತ್ತಿಗೆಯಲ್ಲಿ ಆಫ್ರಿಕದ ಈಟಿಯೊಂದು ನಾಟಿಕೊಂಡಿತ್ತು. ಅಷ್ಟು ದೂರ ಹೋಗಿ, ಏಟು ತಿಂದು, ಬದುಕಿ ಮರಳಿ ಬಂದ ಆ ಹಕ್ಕಿಯ ದೇಹವನ್ನು ರಾಸ್ಟಾಕ್ ವಿಶ್ವವಿದ್ಯಾನಿಲಯದಲ್ಲಿ ಇಂದಿಗೂ ಕಾಪಾಡಿಟ್ಟಿದ್ದಾರೆ. 1899ರಲ್ಲಿ ಡೆನ್ಮಾರ್ಕಿನ ಶಾಲಾ ಉಪಾಧ್ಯಾಯ ಮಾರ್ಟೆನ್‌ಸೆನ್ ಎಂಬುವನು ಕಬ್ಬಕ್ಕಿಗಳ ಕಾಲಿಗೆ ಅಲ್ಯೂಮಿನಿಯಮ್ ಉಂಗುರ ತೊಡಿಸಿ, ಅದರ ಮೇಲೆ ಅಂಕಿಯನ್ನೂ ವಿಳಾಸವನ್ನೂ ಕೊರೆದು ಹಾರಿಬಿಟ್ಟ. ಅಲ್ಲಿಂದ ಮುಂದೆ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದು ಊಹೆಯ ಮಾತಾಗಿ ಉಳಿಯಲಿಲ್ಲ.

ಉಂಗುರದ ಕಥೆಗೆ ನಮ್ಮ ನಾಡಿನ ನಂಟೂ ಇದೆ. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಕ್ರಮವಾಗಿ ಸಮೀಕ್ಷೆ ಮಾಡಿದವರು ಸಲೀಂ ಅಲಿ. 1939-40ರ ಕಾಲದ ಆ ಓಡಾಟದ ಫಲವಾಗಿ ಸಂಸ್ಥಾನದ ಹಕ್ಕಿಗಳ ವಿವರವಾದ ಪಟ್ಟಿ ಸಿದ್ಧವಾಯಿತು. ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಆ ಬಳಿಕ 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸೀಮೆಯಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ನರಳಿದರು. ಇಂದು ಮಂಗನ ಕಾಯಿಲೆ ಎಂದು ಕರೆಯುವ ಆ ರೋಗದ ವೈರಸ್ ರಷ್ಯದ ಕಾಡುಗಳ ಒಂದು ವೈರಸ್ಸಿಗೆ ಬಂಧುವೆಂದು ತಿಳಿದಾಗ ಸಂದೇಹ ಹೋದದ್ದು ಉತ್ತರದಿಂದ ಬರುವ ಹಕ್ಕಿಗಳ ಮೇಲೆ. ಅವು ಮೈಮೇಲಿನ ಉಣುಗುಗಳ ಮೂಲಕ ರೋಗವನ್ನು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, 1960ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸಿದ್ದರ ಹಿಂದೆ ಈ ಸಂದೇಹವೂ ಇತ್ತು. ಹಕ್ಕಿಗಳ ಮೇಲಿನ ಅಪವಾದಕ್ಕೆ ಆಧಾರ ದೊರೆಯಲಿಲ್ಲ. ಆದರೆ ಒಂದು ಕಾಯಿಲೆಯ ಭಯದಿಂದ ತೊಡಗಿದ ಕೆಲಸ ಈ ದೇಶದ ವಲಸೆಹಕ್ಕಿಗಳ ಜ್ಞಾನಕ್ಕೆ ತಳಹದಿಯಾಯಿತು.

ಉಂಗುರಕ್ಕೂ ಒಂದು ಮಿತಿ ಇದೆ. ಇಲ್ಲಿ ತೊಟ್ಟ ಉಂಗುರ ಅಲ್ಲಿ ಸಿಕ್ಕಿತು ಎಂದಷ್ಟೇ ಅದು ಹೇಳೀತು. ನಡುವೆ ಹಕ್ಕಿ ಎಷ್ಟು ಕಡೆ ತಂಗಿತು, ಎಷ್ಟು ದಿನ ತಂಗಿತು, ಯಾವುದನ್ನು ನೋಡಿ ಎದ್ದು ಹೊರಟಿತು ಎಂಬುದನ್ನು ಉಂಗುರ ಹೇಳಲಾರದು. ಸಿಪಿಲೆ, ಕವಲುತೋಕೆಗಳಂತಹವು ಹೆಚ್ಚಾಗಿ ಹಗಲಿನಲ್ಲಿ ಪಯಣಿಸುತ್ತವೆ. ಆದರೆ ಉಲಿಯಕ್ಕಿಗಳೇ ಮೊದಲಾದ ಸಣ್ಣ ಹಾಡುಹಕ್ಕಿಗಳಲ್ಲಿ ಬಹುಪಾಲು ರಾತ್ರಿಯ ಪಯಣಿಗರು. ಕತ್ತಲಲ್ಲಿ ಹಾರಿಹೋಗುವ ಹತ್ತಿಪ್ಪತ್ತು ಗ್ರಾಮಿನ ಜೀವವನ್ನು ಯಾರು ಹಿಂಬಾಲಿಸಬಲ್ಲರು?

ಮೊದಲ ಸುಳಿವು ಪಂಜರದಲ್ಲಿಯೇ ಇತ್ತು. ಸಾಕಿದ ವಲಸೆಹಕ್ಕಿ, ಹೊರಡುವ ಕಾಲ ಬಂದಾಗ, ಹಗಲು ಸುಮ್ಮನಿದ್ದು ರಾತ್ರಿಯ ಹೊತ್ತು ಪಂಜರದೊಳಗೆ ರೆಕ್ಕೆ ಬಡಿಯುತ್ತ ಚಡಪಡಿಸುತ್ತದೆ. ಜರ್ಮನಿಯ ಪಕ್ಷಿಪ್ರಿಯರು ಇದನ್ನು ಬಹಳ ಹಿಂದೆಯೇ ಕಂಡು ‘ವಲಸೆಯ ಚಡಪಡಿಕೆ’ ಎಂಬ ಅರ್ಥದ ಒಂದು ಹೆಸರನ್ನು ಇಟ್ಟಿದ್ದರು. ಈ ಚಡಪಡಿಕೆಗೆ ಏನು ಕಾರಣ? 1920ರ ದಶಕದಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿ ವಿಲಿಯಂ ರೋವನ್ ಎಂಬ ವಿಜ್ಞಾನಿ, ಕೊರೆಯುವ ಚಳಿಗಾಲದಲ್ಲಿ ಜಂಕೊ ಎಂಬ ಸಣ್ಣ ಹಕ್ಕಿಗಳ ಪಂಜರಗಳಿಗೆ ವಿದ್ಯುದ್ದೀಪ ಹಾಕಿ ಅವುಗಳ ‘ಹಗಲ’ನ್ನು ದಿನದಿನಕ್ಕೂ ಉದ್ದ ಮಾಡುತ್ತ ಹೋದ. ಸುತ್ತ ಹಿಮ ಬಿದ್ದಿದ್ದರೂ ಆ ಹಕ್ಕಿಗಳ ದೇಹಕ್ಕೆ ವಸಂತ ಬಂದಿತು. ಕಾಲವನ್ನು ತಿಳಿಸುವುದು ಶೀತೋಷ್ಣವಲ್ಲ, ಹಗಲಿನ ಉದ್ದ ಎಂಬುದು ಹೀಗೆ ತಿಳಿಯಿತು. ನಮ್ಮ ಪಂಚಾಂಗಗಳಲ್ಲಿಯೂ ಹಗಲಿನ ಪ್ರಮಾಣವನ್ನು ‘ದಿನಮಾನ’ ಎಂದು ಅಚ್ಚುಹಾಕಿರುತ್ತಾರೆ. ಉತ್ತರ ಕರ್ನಾಟಕದ ಜೋಳದ ಹೊಲಗಳಿಗೆ ಚಳಿಗಾಲದಲ್ಲಿ ಹಿಂಡುಗಟ್ಟಿ ಬರುವ ಕಪ್ಪುತಲೆಯ ಬಂಟಿಂಗ್ ಎಂಬ ಹಕ್ಕಿಯನ್ನೇ ತೆಗೆದುಕೊಂಡು ವಾರಾಣಸಿ, ಲಖನೌ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ದಶಕಗಳ ಕಾಲ ಈ ದಿನಮಾನದ ವಿಚಾರವನ್ನು ಪರೀಕ್ಷಿಸಿದ್ದಾರೆ. ಹಗಲು ಉದ್ದವಾದಂತೆ ಈ ಹಕ್ಕಿ ಬಕಬಕನೆ ತಿನ್ನತೊಡಗುತ್ತದೆ, ಕೊಬ್ಬಿ ತೂಕ ಏರುತ್ತದೆ, ರಾತ್ರಿಯ ನಿದ್ದೆ ಬಿಡುತ್ತದೆ. ಹಕ್ಕಿಯ ಪಂಚಾಂಗದಲ್ಲಿ ದಿನಮಾನವೇ ಮೊದಲನೆಯ ಅಂಗ.

ಆದರೆ ದಿನಮಾನ ಹೇಳುವುದು ಹೊರಡುವ ಕಾಲವನ್ನು, ಹೊರಡುವ ದಿನವನ್ನಲ್ಲ. ಫಾಲ್ಗುಣದಲ್ಲಿ ಮದುವೆ ಎಂದಮಾತ್ರಕ್ಕೆ ಲಗ್ನ ಗೊತ್ತಾದಂತೆ ಆಗಲಿಲ್ಲವಷ್ಟೆ? ಒಂದೇ ತೋಪಿನಲ್ಲಿ ತಂಗಿದ ಒಂದೇ ಜಾತಿಯ ಎರಡು ಹಕ್ಕಿಗಳಲ್ಲಿ ಒಂದು ಇಂದು ಸಂಜೆ ಏಳುತ್ತದೆ, ಇನ್ನೊಂದು ಐದು ದಿನ ಉಳಿಯುತ್ತದೆ. ಇಬ್ಬರಿಗೂ ಹಗಲಿನ ಉದ್ದ ಒಂದೇ.

ಇಲ್ಲಿ ಈ ಚರಿತ್ರೆಗೆ ರೇಡಿಯೋ ಪ್ರವೇಶಿಸುತ್ತದೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರಕೇಂದ್ರವನ್ನು ತೆರೆದು, ಅದು ‘ಆಕಾಶವಾಣಿ’ ಎಂದು ಹೆಸರಾದದ್ದು ನಮ್ಮ ಈ ಮೈಸೂರಿನಲ್ಲಿ. ಆ ಮೇಲೆ ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಹಕ್ಕಿಯ ಬೆನ್ನಿನ ಮೇಲೆ ಅಂಟಿಸಬಹುದಾದಷ್ಟು ಸಣ್ಣ ಪ್ರಸಾರಯಂತ್ರ ತಯಾರಾಯಿತು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ವಿಲಿಯಂ ಕಾಕ್ರನ್ ಎಂಬ ಯಂತ್ರಜ್ಞ 1960ರ ದಶಕದಲ್ಲಿ ಸಿಳ್ಳಾರ ಜಾತಿಯ ಹಕ್ಕಿಗಳಿಗೆ ಅದನ್ನು ಅಂಟಿಸಿ, ಮೋಟಾರು ಗಾಡಿಯ ಮೇಲೆ ಏರಿಯಲ್ ನಿಲ್ಲಿಸಿಕೊಂಡು, ಇಡೀ ರಾತ್ರಿ ಹಕ್ಕಿಯ ಕೆಳಗೆ ರಸ್ತೆಯಲ್ಲಿ ಓಡಿದ. ಒಂದೇ ಹಕ್ಕಿಯನ್ನು ಸುಮಾರು 1500 ಕಿಲೋಮೀಟರುಗಳಷ್ಟು ದೂರ ಹಿಂಬಾಲಿಸಿದ ವೃತ್ತಾಂತವನ್ನು ಅವನು 1987ರಲ್ಲಿ ಪ್ರಕಟಿಸಿದ. ಹಕ್ಕಿ ಏಳುವ ಗಳಿಗೆಯನ್ನು ಮನುಷ್ಯ ಕಿವಿಯಿಂದ ಕೇಳಿ ಬರೆದುಕೊಳ್ಳಲು ಸಾಧ್ಯವಾದದ್ದು ಆಗ. ಹೆಚ್ಚಿನ ಹಕ್ಕಿಗಳು ಸೂರ್ಯ ಮುಳುಗಿದ ಮೇಲಿನ ಒಂದೆರಡು ಗಂಟೆಗಳಲ್ಲಿ ಮೇಲೇಳುತ್ತವೆಂದು ತಿಳಿಯಿತು. ಸಂಜೆಗೆಂಪಿನ ದಿಕ್ಕನ್ನು ನೋಡಿ ಅವು ತಮ್ಮೊಳಗಿನ ದಿಕ್ಸೂಚಿಯನ್ನು ದಿನವೂ ಸರಿಪಡಿಸಿಕೊಳ್ಳುತ್ತವೆಂದು ಕಾಕ್ರನ್ ಮತ್ತು ಅವನ ಸಂಗಡಿಗರು 2004ರಲ್ಲಿ ತೋರಿಸಿದರು. ಮುಸ್ಸಂಜೆಯಲ್ಲಿ ಕೃತಕ ಅಯಸ್ಕಾಂತ ಕ್ಷೇತ್ರದಿಂದ ದಾರಿತಪ್ಪಿಸಿದ ಹಕ್ಕಿ ಆ ರಾತ್ರಿ ತಪ್ಪು ದಿಕ್ಕಿಗೆ ಹಾರಿತು. ಮರುದಿನದ ಸಂಜೆಯನ್ನು ಕಂಡ ಮೇಲೆ ದಾರಿಯನ್ನು ತಿದ್ದಿಕೊಂಡಿತು. ಸಂಜೆಯ ಬೆಳಕು, ಅದರ ಹಿಂದೆ ಬರುವ ನಕ್ಷತ್ರಗಳು, ಇವು ಹಕ್ಕಿಯ ಪಂಚಾಂಗದ ಇನ್ನೊಂದು ಅಂಗ.

ಅದೇ ಸಿಳ್ಳಾರಗಳಿಂದ ತಿಳಿದ ಮತ್ತೊಂದು ಸಂಗತಿ ನನಗೆ ಬೆರಗು ತಂದಿತು. 2003ರಲ್ಲಿ ಪ್ರಕಟವಾದ ಲೆಕ್ಕದಂತೆ ವಲಸೆಯ ಕಾಲದಲ್ಲಿ ಹಕ್ಕಿ ವೆಚ್ಚ ಮಾಡುವ ಒಟ್ಟು ಶಕ್ತಿಯಲ್ಲಿ ಹಾರಾಟಕ್ಕೆ ಹೋಗುವುದು ನೂರಕ್ಕೆ 29 ಭಾಗ ಮಾತ್ರ. ಉಳಿದದ್ದೆಲ್ಲ ತಂಗಿದಲ್ಲಿ, ಮೈ ಬೆಚ್ಚಗಿಟ್ಟುಕೊಳ್ಳುವುದರಲ್ಲಿಯೂ ಮೇವು ಹುಡುಕುವುದರಲ್ಲಿಯೂ ಖರ್ಚಾಗುತ್ತದೆ. ವಲಸೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ರೆಕ್ಕೆ. ಹಕ್ಕಿಗಾದರೋ ವಲಸೆಯ ಬಹುಭಾಗ ಕಳೆಯುವುದು ಛತ್ರಗಳಲ್ಲಿ.

ಛತ್ರದಲ್ಲಿ ಅದು ಮಾಡುವ ಕೆಲಸ ಬುತ್ತಿ ಕಟ್ಟುವುದು. ಹಕ್ಕಿ ಬುತ್ತಿಯನ್ನು ಕೊಕ್ಕಿನಲ್ಲಿ ಹಿಡಿಯದೆ ಚರ್ಮದ ಕೆಳಗೆ ಕೊಬ್ಬಿನ ರೂಪದಲ್ಲಿ ಕಟ್ಟಿಕೊಳ್ಳುತ್ತದೆ. ಉಂಗುರ ತೊಡಿಸುವವರು ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿ ಹೊಟ್ಟೆಯ ಗರಿಗಳನ್ನು ಮೆಲ್ಲನೆ ಊದುತ್ತಾರೆ. ತೆಳ್ಳನೆಯ ಚರ್ಮದ ಕೆಳಗೆ ಹಳದಿಯ ಕೊಬ್ಬು ಎಷ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ. ಇಟಲಿಯ ಪೋಂಜಾ ಎಂಬ ಸಣ್ಣ ದ್ವೀಪಕ್ಕೆ ವಸಂತದಲ್ಲಿ ಆಫ್ರಿಕದಿಂದ ಸಮುದ್ರ ದಾಟಿ ಬರುವ ಹಾಡುಹಕ್ಕಿಗಳಿಗೆ ವಿಜ್ಞಾನಿಗಳು ರೇಡಿಯೋ ಅಂಟಿಸಿ ನೋಡಿದರು. ಕೊಬ್ಬು ಚೆನ್ನಾಗಿ ಉಳಿದಿದ್ದವು ಬೇಗನೆ ದ್ವೀಪ ಬಿಟ್ಟವು. ಬಡಕಲಾಗಿ ಬಂದಿಳಿದವು ಹೆಚ್ಚು ಕಾಲ ಉಳಿದವು. 2010ರಲ್ಲಿ ಪ್ರಕಟವಾದ ಈ ಫಲಿತಾಂಶ ಬುತ್ತಿಯ ಮಾತನ್ನು ಸ್ಥಿರಪಡಿಸಿತು. ಬುತ್ತಿ ತುಂಬಿತೆಂದು ಹಕ್ಕಿಗೆ ತಿಳಿಯುವ ಬಗೆಯೂ ಅದೇ ದ್ವೀಪದಲ್ಲಿ ಸ್ವಲ್ಪಮಟ್ಟಿಗೆ ಗೊತ್ತಾಯಿತು. ಗ್ರೆಲಿನ್ ಎಂಬ ರಸವೊಂದು ಜೀರ್ಣಾಂಗದಲ್ಲಿ ಹುಟ್ಟಿ ರಕ್ತಕ್ಕೆ ಸೇರುತ್ತದೆ. ಕೊಬ್ಬಿದ ಹಕ್ಕಿಗಳಲ್ಲಿ ಅದು ಹೆಚ್ಚು. ಅದನ್ನು ಚುಚ್ಚುಮದ್ದಾಗಿ ಕೊಟ್ಟಾಗ ಹಕ್ಕಿಗಳು ತಿನ್ನುವುದನ್ನು ಕಡಮೆ ಮಾಡಿ ಹೊರಡುವ ಆತುರವನ್ನು ತೋರಿಸಿದವೆಂದು 2017ರಲ್ಲಿ ವರದಿಯಾಯಿತು. ಮನುಷ್ಯನಲ್ಲಿ ಹಸಿವನ್ನು ಕೆರಳಿಸುವ ರಸ ಹಕ್ಕಿಯಲ್ಲಿ “ಇನ್ನು ಸಾಕು, ಏಳು” ಎನ್ನುತ್ತದೆ. ಬಡಕಲಾದ ಹಕ್ಕಿ ಮಲಗುವ ರೀತಿಯೂ ಬೇರೆ. ಅದು ತಲೆಯನ್ನು ರೆಕ್ಕೆಯ ಗರಿಗಳೊಳಗೆ ಹುದುಗಿಸಿ ಮಲಗುತ್ತದೆ. ಹಾಗೆ ಮಲಗಿದರೆ ಶಾಖ ಉಳಿಯುತ್ತದೆ, ಆದರೆ ಬೆಕ್ಕೋ ಹದ್ದೋ ಬಂದರೆ ಬೇಗ ಎಚ್ಚರವಾಗುವುದಿಲ್ಲ. ಮೈತುಂಬಿದ ಹಕ್ಕಿ ತಲೆಯನ್ನು ಹೊರಗಿಟ್ಟೇ ನಿದ್ರಿಸುತ್ತದೆ. ಬಡವನ ನಿದ್ದೆಗೂ ಉಳ್ಳವನ ನಿದ್ದೆಗೂ ಇರುವ ಅಂತರ ಅಲ್ಲಿಯೂ ಇದೆ.

ಇನ್ನು ಆಕಾಶದ ಸೂಚನೆ. ಉತ್ತರ ಸಮುದ್ರದ ನಡುವೆ ಹೆಲ್ಗೊಲಾಂಡ್ ಎಂಬ ಪುಟ್ಟ ದ್ವೀಪವಿದೆ. 19ನೆಯ ಶತಮಾನದಲ್ಲಿ ಹೈನ್ರಿಖ್ ಗೇಟ್ಕೆ ಎಂಬ ಚಿತ್ರಕಾರ ಅಲ್ಲಿ ನೆಲಸಿ ಹತ್ತಾರು ವರ್ಷ ಹಕ್ಕಿಗಳ ಬರವುಹೋಗುಗಳನ್ನು ಬರೆದಿಟ್ಟು 1891ರಲ್ಲಿ ಗ್ರಂಥವನ್ನು ಪ್ರಕಟಿಸಿದ. ಅದೇ ದ್ವೀಪದಲ್ಲಿ ನಮ್ಮ ಕಾಲದ ವಿಜ್ಞಾನಿಗಳು ವ್ಹೀಟಿಯರ್ ಎಂಬ ಹಕ್ಕಿಗೆ ಹುಳುಗಳ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಕಾದರು. ಹಕ್ಕಿ ತಾನಾಗಿಯೇ ಬಂದು ತಕ್ಕಡಿಯ ಮೇಲೆ ನಿಂತು ತಿಂದು ಹೋಗುತ್ತದೆ. ದಿನದಿನದ ತೂಕ ಹಿಡಿಯದೆಯೇ ತಿಳಿಯುತ್ತದೆ. ಅಲ್ಲಿ ಎರಡು ಬಗೆಯ ವ್ಹೀಟಿಯರ್‌ಗಳು ಇಳಿಯುತ್ತವೆ. ಒಂದು ಬಗೆ ಹತ್ತಿರದ ಸ್ಕ್ಯಾಂಡಿನೇವಿಯಕ್ಕೆ ಹೋಗುವಂಥದು. ಇನ್ನೊಂದು ವಿಶಾಲವಾದ ಸಮುದ್ರ ದಾಟಿ ಐಸ್‌ಲೆಂಡ್, ಗ್ರೀನ್‌ಲೆಂಡ್‌ಗಳಿಗೆ ಹೋಗುವಂಥದು. ಹತ್ತಿರ ಹೋಗುವ ಹಕ್ಕಿ ಸ್ವಲ್ಪ ಬುತ್ತಿಯಿಂದಲೇ ಎದ್ದುಬಿಡುತ್ತದೆ. ದೂರ ಹೋಗುವ ಹಕ್ಕಿ ತಿಂದು ಭಾರವಾಗಿ, ಬೆನ್ನಿನ ಗಾಳಿ ಬರುವವರೆಗೆ ಕಾಯುತ್ತದೆ. ನಡುಕಡಲಿನಲ್ಲಿ ಛತ್ರವಿಲ್ಲವೆಂಬುದು ಅದರ ದೇಹಕ್ಕೆ ತಿಳಿದಂತಿದೆ. ಎದುರುಗಾಳಿ ಬಲವಾಗಿದ್ದರೆ, ಮಳೆ ಹಿಡಿದಿದ್ದರೆ, ಮೋಡ ದಟ್ಟವಾಗಿದ್ದರೆ ಬುತ್ತಿ ತುಂಬಿದ್ದರೂ ಹೆಚ್ಚಿನ ಹಕ್ಕಿಗಳು ಏಳುವುದಿಲ್ಲವೆಂದು ಸ್ವೀಡನ್ ಮೊದಲಾದ ಕಡೆಗಳ ಅಧ್ಯಯನಗಳೂ ಹೇಳುತ್ತವೆ. ಗಾಳಿಯ ಒತ್ತಡ ಇಳಿಯುವುದನ್ನು, ಎಂದರೆ ಮಳೆ ಬರುವ ಮುನ್ಸೂಚನೆಯನ್ನು, ಸಣ್ಣ ಹಕ್ಕಿಗಳು ಗುರುತಿಸಬಲ್ಲವೆಂದು ಕೆನಡಾದ ಪ್ರಯೋಗವೊಂದು 2013ರಲ್ಲಿ ತೋರಿಸಿತು.

ದಿನಮಾನ, ಬುತ್ತಿ, ಗಾಳಿ, ಮೋಡಮಳೆ, ಸಂಜೆಯ ಬೆಳಕು: ಹಕ್ಕಿಯ ಪಂಚಾಂಗಕ್ಕೂ ಹೀಗೆ ಐದು ಅಂಗಗಳು. ಇವುಗಳಲ್ಲಿ ಯಾವುದೊಂದೂ ತಾನೇ ಹೊರಡಿಸಲಾರದು. ಬುತ್ತಿ ಇದ್ದು ಗಾಳಿ ಕೂಡದಿದ್ದರೆ ಹಕ್ಕಿ ಕಾಯುತ್ತದೆ. ಗಾಳಿ ಕೂಡಿ ಬುತ್ತಿ ಇಲ್ಲದಿದ್ದರೂ ಕಾಯುತ್ತದೆ. ಬುತ್ತಿ ತುಂಬುವ ಭರವಸೆಯೇ ಇಲ್ಲದ ಜಾಗವಾದರೆ ಅರೆಹೊಟ್ಟೆಯಲ್ಲಿಯೇ ಎದ್ದು ಬೇರೊಂದು ತಾಣವನ್ನು ಹುಡುಕುವುದೂ ಉಂಟು. ಅಂಥ ಹಕ್ಕಿ ಮುಂದೆ ತಲಪಬೇಕಾದಲ್ಲಿಗೆ ತಲಪುತ್ತದೆಂದು ಹೇಳುವುದು ಕಷ್ಟ.

ಇಷ್ಟನ್ನು ಓದಿಕೊಂಡ ಮೇಲೆ ನನಗೊಂದು ಹಳೆಯ ಪ್ರಸಂಗ ನೆನಪಾಯಿತು. ಹದಿನಾಲ್ಕು ವರ್ಷಗಳ ಹಿಂದಿನ ಅಕ್ಟೋಬರ್ ತಿಂಗಳು. ರಾತ್ರಿ ಒಂಬತ್ತರ ಸುಮಾರಿಗೆ ನಮ್ಮ ಮನೆಯ ಜಗಲಿಯ ದೀಪದ ಕೆಳಗೆ ಏನೋ ಧೊಪ್ಪನೆ ಬಿದ್ದಿತು. ಹೋಗಿ ನೋಡಿದರೆ ನವರಂಗ ಹಕ್ಕಿ. ಹಸಿರು, ನೀಲಿ, ಕೆಂಪು, ಕಪ್ಪು, ಹೆಸರಿಗೆ ತಕ್ಕ ಬಣ್ಣ. ಕಣ್ಣು ಮುಚ್ಚಿ ತೆರೆಯುತ್ತ ಕುಳಿತಿತ್ತು. ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯಭಾರತದ ಕಾಡುಗಳಲ್ಲಿಯೂ ಮರಿಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೂ ಶ್ರೀಲಂಕೆಗೂ ಬರುವ ಈ ಹಕ್ಕಿ ರಾತ್ರಿಯ ಪ್ರಯಾಣದಲ್ಲಿ ಬಳಲಿ ಮನೆಗಳಿಗೆ ನುಗ್ಗುವುದು ದಕ್ಷಿಣದ ಅನೇಕ ಊರುಗಳಲ್ಲಿ ಕಂಡ ಸಂಗತಿ. ನನ್ನ ಹೆಂಡತಿ ಅದನ್ನು ಮಂಕರಿಯ ಕೆಳಗೆ ಇಟ್ಟು, ಬೆಳಗಾದ ಮೇಲೆ ಹಿತ್ತಲಿನ ದಾಸವಾಳದ ಬೇಲಿಯ ಹತ್ತಿರ ಬಿಟ್ಟಳು. ಅದು ಓಡಿಹೋಗಲಿಲ್ಲ. ತರಗೆಲೆ ಕೆದಕಿ ಹುಳು ತಿನ್ನುತ್ತ ಅಲ್ಲಿಯೇ ಇತ್ತು. ಮೂರು ದಿನ ಇತ್ತು, ನಾಲ್ಕನೆಯ ದಿನ ಇರಲಿಲ್ಲ. “ಹೇಳದೆ ಹೋಯಿತಲ್ಲಾ” ಎಂದು ಅವಳು ಪೇಚಾಡಿಕೊಂಡಳು.

ದಿನಚರಿಯ ಆ ವಾರದ ಹಾಳೆಗಳನ್ನು ತೆಗೆದು ನೋಡಿದೆ. ಹಕ್ಕಿ ಬಿದ್ದ ರಾತ್ರಿ, “ಬಹಳ ಮಳೆ” ಎಂದಿದೆ. ಮರುದಿನ, “ಸಂಜೆ ಮಳೆ, ಹೊರಗೆ ಹೋಗಲಿಲ್ಲ.” ಅದರ ಮರುದಿನವೂ ಅದೇ ಮಾತು. ಮೂರನೆಯ ದಿನ, “ಸಂಜೆಗೆ ಹೊಳವಾಯಿತು. ತಂಗಾಳಿ. ಚಾಮುಂಡಿ ಬೆಟ್ಟ ಸ್ಪಷ್ಟವಾಗಿ ಕಂಡಿತು.” ಹೊರಗೆ ಹೋಗಲಾಗದ ಬೇಸರಕ್ಕೆ ಬರೆದುಕೊಂಡ ಸಾಲುಗಳು ಇವು. ಒಂದು ಹಕ್ಕಿಯ ಮೂರು ದಿನದಿಂದ ಯಾವ ಸಿದ್ಧಾಂತವನ್ನೂ ಸ್ಥಾಪಿಸಲು ಬರುವುದಿಲ್ಲವೆಂದು ನನಗೆ ಗೊತ್ತು. ಆದರೂ, ಹೋದ ದಿನವೊಂದು ನನಗೆ ಅರಿವಿಲ್ಲದೆಯೇ ನನ್ನ ದಿನಚರಿಯಲ್ಲಿ ಇತ್ತು. ಮಿತ್ರರಿಗೆ ತೋರಿಸಿದೆ. ಅವರು ಓದಿ, “ಆ ಮೂರು ದಿನ ಅದಕ್ಕೆ ನಿಮ್ಮ ಹಿತ್ತಲಿನಲ್ಲಿ ಹುಳು ಸಿಕ್ಕಿತಲ್ಲ, ಅದನ್ನೂ ಬರೆದುಕೊಳ್ಳಿ” ಎಂದರು.

ಆ ಮಾತಿನ ತೂಕ ನನಗೆ ತಿಳಿದದ್ದು ಆಮೇಲೆ. ತರಗೆಲೆಯನ್ನು ಗುಡಿಸಿ ಸುಡುವ, ನೆಲಕ್ಕೆಲ್ಲ ಕಲ್ಲುಚಪ್ಪಡಿ ಹಾಸುವ ಹಿತ್ತಲಾಗಿದ್ದರೆ ನವರಂಗಕ್ಕೆ ನಾಲ್ಕನೆಯ ದಿನವೂ ಬುತ್ತಿ ಇರುತ್ತಿರಲಿಲ್ಲ. ಕೆರೆಗಳ ಮಾತೂ ಹೀಗೆಯೇ. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು ಬೇಸಾಯದ ನೀರಿಗಾಗಿ. ಹಕ್ಕಿಗಳಿಗೆ ಅದು ಛತ್ರವಾದದ್ದು ಆನುಷಂಗಿಕ. ನೀರಂಚಿನ ಜೊಂಡು, ಕೆಸರು, ಪೊದೆ ನಮ್ಮ ಕಣ್ಣಿಗೆ ಕೊಳಕಾಗಿ ಕಾಣಬಹುದು. ಜೊಂಡಿನ ಉಲಿಯಕ್ಕಿಗೆ ಅದೇ ಅಡುಗೆಮನೆ. ಕೆರೆಯ ಅಂದವೆಂದರೆ ಸುತ್ತ ಕಲ್ಲು ಕಟ್ಟಿ, ಪೊದೆ ಸವರಿ, ದೀಪ ಹಾಕುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಂಥ ಕೆರೆಯಲ್ಲಿ ನೀರು ಇರುತ್ತದೆ, ಛತ್ರ ಇರುವುದಿಲ್ಲ.

ದೀಪದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ನ್ಯೂಯಾರ್ಕ್ ನಗರದಲ್ಲಿ ಪ್ರತಿವರ್ಷ ಸೆಪ್ಟೆಂಬರ್ 11ರ ರಾತ್ರಿ, 2001ರ ದುರಂತದ ನೆನಪಿಗೆ ಎರಡು ಪ್ರಖರವಾದ ಬೆಳಕಿನ ಕಂಬಗಳನ್ನು ಆಕಾಶಕ್ಕೆ ಎತ್ತುತ್ತಾರೆ. ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಆ ಬೆಳಕಿನ ಪ್ರಭಾವಕ್ಕೆ ಸಿಕ್ಕಿದ ಹಕ್ಕಿಗಳು ಸುಮಾರು 11 ಲಕ್ಷ ಎಂದು 2017ರ ಅಧ್ಯಯನವೊಂದು ಅಂದಾಜು ಮಾಡಿತು. ಬೆಳಕಿಗೆ ಸಿಕ್ಕಿದ ಹಕ್ಕಿಗಳು ಸುತ್ತಿದಲ್ಲೇ ಸುತ್ತುತ್ತ ಬುತ್ತಿಯನ್ನು ವ್ಯರ್ಥ ಮಾಡಿಕೊಳ್ಳುತ್ತವೆ. ಸ್ವಲ್ಪ ಹೊತ್ತು ದೀಪ ಆರಿಸಿದರೆ ಚದರಿ ತಮ್ಮ ದಾರಿ ಹಿಡಿಯುತ್ತವೆ. ಹಾಗೆ ಆರಿಸುವ ಏರ್ಪಾಡನ್ನೂ ಅಲ್ಲಿ ಮಾಡಿದ್ದಾರೆ. ಮೈಸೂರಿನ ದಸರೆಯ ದೀಪಾಲಂಕಾರ ನನಗೂ ಪ್ರಿಯವೇ. ಲಕ್ಷದ ಸಮೀಪ ದೀಪಗಳಿಂದ ಅರಮನೆ ಬೆಳಗುವುದನ್ನು ನೋಡಲು ಚಿಕ್ಕಂದಿನಲ್ಲಿ ತಂದೆಯವರ ಹೆಗಲೇರಿದವನು ನಾನು. ಆದರೆ ದಸರೆ ಬರುವ ತಿಂಗಳು ಹಕ್ಕಿ ಬರುವ ತಿಂಗಳೂ ಹೌದು. ಉತ್ಸವ ಮುಗಿದ ಮೇಲೆ ಉಳಿದ ರಾತ್ರಿಗಳಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಮಹಡಿಗಳ ಮೇಲೂ ಕೆರೆಯಂಚಿನಲ್ಲೂ ಉರಿಯುವ ದೀಪಗಳನ್ನು ಆರಿಸಿದರೆ ನಮಗೆ ನಷ್ಟವೇನೂ ಇಲ್ಲ.

ಈ ವರ್ಷದಿಂದ ದಿನಚರಿಯಲ್ಲಿ ಇನ್ನೊಂದು ಅಂಕಣ ಎಳೆದಿದ್ದೇನೆ. ಅದನ್ನು ತುಂಬುವುದು ಎಷ್ಟು ಕಷ್ಟವೆಂದು ಈಗ ಅನುಭವಕ್ಕೆ ಬಂದಿದೆ. ಬಂದ ಹಕ್ಕಿ ಕಣ್ಣಿಗೆ ಕಾಣುತ್ತದೆ, ಆ ದಿನವೇ ಬರೆಯಬಹುದು. ಹೋದ ಹಕ್ಕಿ ಹೋದದ್ದು ಆ ದಿನ ತಿಳಿಯುವುದಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಒಂದು ಬೆಳಗ್ಗೆ ಹೊಂಗೆಯ ಮರದ ಕೆಳಗೆ ನಿಂತು ಕಿವಿಗೊಟ್ಟೆ. ದನಿ ಇರಲಿಲ್ಲ. ಮರುದಿನ ನಿಂತೆ, ಅದರ ಮರುದಿನವೂ ನಿಂತೆ. ನಾಲ್ಕನೆಯ ದಿನ ಹಿಂದಿನ ಹಾಳೆಗೆ ತಿರುವಿ, “ಉಲಿಯಕ್ಕಿಯ ದನಿ ಕೊನೆಯ ಸಲ ಕೇಳಿದ್ದು” ಎಂದು ಬರೆದು ತಾರೀಖು ಹಾಕಿದೆ. ಪಕ್ಕದಲ್ಲಿ ಆ ಸಂಜೆಯ ಗಾಳಿ, ಮೋಡಗಳನ್ನು ನೆನಪಿದ್ದಷ್ಟು ಸೇರಿಸಿದೆ. ಶ್ರೋತೃಗಳಲ್ಲಿ ಯಾರಿಗಾದರೂ ಮನೆಯ ಮುಂದೆ ಒಂದು ಮರ, ದಿನಕ್ಕೆ ಹತ್ತು ನಿಮಿಷದ ಬಿಡುವು ಇದ್ದರೆ ಈ ಕೆಲಸವನ್ನು ನೀವೂ ಮಾಡಬಹುದು. ಬಂದ ದಿನದ ಜೊತೆಗೆ ಕೊನೆಯ ಸಲ ಕಂಡ ದಿನವನ್ನೂ ಬರೆದಿಡಿ. ಆ ಸಂಜೆ ಮಳೆ ಇತ್ತೇ, ಗಾಳಿ ಎತ್ತಕಡೆಯಿಂದ ಬೀಸಿತು ಎಂಬುದನ್ನೂ ಬರೆಯಿರಿ.

ನನ್ನ ಹೆಂಡತಿ ಆ ಹೊಸ ಅಂಕಣವನ್ನು ನೋಡಿ ಅದರ ತಲೆಬರಹವನ್ನು ತಿದ್ದಿಸಿದಳು. ‘ಹೋದ ದಿನ’ ಎಂದು ನಾನು ಬರೆದಿದ್ದೆ. ಈಗ ಅಲ್ಲಿ ‘ಹೋಗಿ ಬರುತ್ತೇನೆಂದ ದಿನ’ ಎಂದಿದೆ.